ಮರಳಿ ಬಂದ ಮಾಸ್ತರರು

ಮಿರಗದ ಮಳೆ ಬೀಳುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಎರಡು ಬಿತ್ತನೆಗಳು ಕೂಡಿಯೇ ನಡೆಯಬೇಕು. ಒಂದು ಹೊಲದ ಬಿತ್ತನೆ, ಇನ್ನೊಂದು ಸಾಲಿಯ ಬಿತ್ತನೆ. ಸೇಡಂ ತಾಲೂಕಿನ ಕುರಕುಂಟಾದಲ್ಲಿ ರೈತನು ತೊಗರಿ, ಹೆಸರಿನ ಬೀಜ ಕಟ್ಟಿಟ್ಟುಕೊಂಡು ಮುಗಿಲು ನೋಡುವ ದಿನಗಳಲ್ಲಿಯೇ ಅವನ ಮಕ್ಕಳು ಪಾಟಿಚೀಲ ಹಿಡಿದು ಸಾಲಿಯ ಬಾಗಿಲು ನೋಡುತ್ತಾರೆ. ಮಳೆ ಬಾರದಿದ್ದರೆ ರೈತನು ಯಾರನ್ನೂ ಕೇಳುವಂತಿಲ್ಲ. ಆದರೆ ಸಾಲಿಗೆ ಮಾಸ್ತರರು ಬಾರದಿದ್ದರೆ ಕೇಳುವುದಕ್ಕೆ ನಮಗೆ ಹಕ್ಕಿದೆ. ಉತ್ತರ ಹೇಳಬೇಕಾದವರೂ ಇದ್ದಾರೆ. ಹೀಗೆ ಕೇಳುವುದಕ್ಕೆ ಮುಂಚೆ ನಾವು ಈ ವಾರ ಒಬ್ಬ ಮಾಸ್ತರರನ್ನು ನೆನೆಯಬೇಕೆಂದಿದ್ದೇವೆ.

ಜೂನ್ ೬ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ದಿನ. ೧೯೨೦ರಲ್ಲಿ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿ, ೨೦೦೫ರ ಜನವರಿ ೩೧ರಂದು ಅವರು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷ ತುಂಬಿದ್ದು ೨೦೨೦ರಲ್ಲಿ. ಆ ವರ್ಷ ಕೊರೋನಾ ಮಾರಿಯ ದೆಸೆಯಿಂದ ನಾಡಿನ ಶಾಲೆಗಳೆಲ್ಲ ಬೀಗ ಹಾಕಿಕೊಂಡು ಕುಳಿತಿದ್ದವು. ಬದುಕನ್ನೆಲ್ಲ ಶಾಲೆಗೆ ಕೊಟ್ಟವರ ಶತಮಾನದ ದಿನವು ಶಾಲೆಯೇ ಇಲ್ಲದ ವರ್ಷದಲ್ಲಿ ಬಂದುಹೋಯಿತು. ಆಗ ಸಲ್ಲಿಸಬೇಕಾಗಿದ್ದ ನೆನಪನ್ನು ಈಗಲಾದರೂ ಸಲ್ಲಿಸುವುದು ನಮ್ಮ ಕರ್ತವ್ಯ.

ನಮ್ಮ ಓದುಗರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಕೊಂಡಾರು. "ಬೆಂಗಳೂರಿನ ಕಡೆಯ ಮಾಸ್ತರರ ಸುದ್ದಿ ನಮಗೇಕೆ? ಕಾಗಿಣಾ ದಂಡೆಯಲ್ಲಿ ದೊಡ್ಡವರು ಹುಟ್ಟಿಲ್ಲವೆ?" ಎಂದು ಕೇಳಿಯಾರು. ಹುಟ್ಟಿದ್ದಾರೆ, ಇಲ್ಲವೆಂದು ಯಾರು ಹೇಳಿದರು? ಕುರಕುಂಟಾದಿಂದ ರೈಲು ಹತ್ತಿ ಸೇಡಂ ದಾಟಿದರೆ ಮಳಖೇಡ ರೋಡ್ ನಿಲ್ದಾಣ ಬರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಅದೇ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ಕಾಲಕ್ಕೆ ಜಗತ್ತೇ ಈ ಊರನ್ನು ಬಲ್ಲುದಾಗಿತ್ತು. ಕ್ರಿ.ಶ. ೮೫೧ರ ಅರಬ್ಬೀ ಪ್ರವಾಸ ಗ್ರಂಥವೊಂದು, ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದದ್ದು, ಈ ಸೀಮೆಯ ದೊರೆ 'ಬಲ್ಹರಾ'ನನ್ನು ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಅಂದು ಜಗತ್ತು ನಡೆದು ನಮ್ಮ ಬಾಗಿಲಿಗೆ ಬರುತ್ತಿತ್ತು. ಇಂದು ನಮ್ಮ ಹುಡುಗರು ಹೊಟ್ಟೆಪಾಡಿಗಾಗಿ ಜಗತ್ತಿನ ಬಾಗಿಲಿಗೆ ನಡೆದುಹೋಗುತ್ತಿದ್ದಾರೆ. ಈ ಎರಡರ ನಡುವೆ ಏನು ತಪ್ಪಿತು ಎಂಬುದನ್ನು ತಿಳಿಯುವುದಕ್ಕೆ, ಹೋಗಿ ಮರಳಿ ಬಂದ ಒಬ್ಬ ಮಾಸ್ತರರ ಕಥೆ ನಮಗೆ ಬೇಕಾಗಿದೆ. ಅವರು ಯಾವ ಜಿಲ್ಲೆಯವರೆಂಬುದು ಇಲ್ಲಿ ದೊಡ್ಡದಲ್ಲ.

ನರಸಿಂಹಯ್ಯನವರು ಹುಟ್ಟಿದ್ದು ಬಡತನದಲ್ಲಿ, ಹಿಂದುಳಿದ ಜಾತಿಯೊಂದರಲ್ಲಿ. ತಾಯಿ ವೆಂಕಟಮ್ಮ, ತಂದೆ ಹನುಮಂತಪ್ಪ. ಊರಿನ ಶಾಲೆಯಲ್ಲಿದ್ದ ಓದು ಮುಗಿದ ಮೇಲೆ ಮುಂದೆ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಅವರಿಗೆ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಆ ಗುರುಗಳೊಬ್ಬರ ನಂಬಿಕೆಯ ಮೇಲೆ ೧೯೩೫ರಲ್ಲಿ ಹದಿನೈದು ವರ್ಷದ ಹುಡುಗನು ಬೆಂಗಳೂರಿಗೆ ಹೊರಟನು. ರೈಲಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಐವತ್ತು ಮೈಲಿಗೂ ಮೇಲ್ಪಟ್ಟ ದಾರಿಯನ್ನು ನಡೆದೇ ತಲುಪಿದನು. ನಮ್ಮ ಸೀಮೆಯಲ್ಲಿ ಹೇಳುವುದಾದರೆ ಕುರಕುಂಟಾದ ಹುಡುಗನು ಸೇಡಂ, ಮಳಖೇಡ ದಾಟಿ ಕಲಬುರ್ಗಿಯನ್ನೂ ಹಿಂದೆ ಹಾಕಿ ನಡೆದಂತೆ. ಮುಂದೆ ಸಮುದ್ರ ದಾಟಿ ದೂರದೇಶ ಕಂಡ ಈ ಮನುಷ್ಯನ ಮೊದಲ ಪ್ರವಾಸವು ಇದೇ ಎಂದು ನಾವು ಎಣಿಸುತ್ತೇವೆ. ಬೇರೆ ಪ್ರವಾಸಗಳು ಹಡಗಿನ, ವಿಮಾನದ ಚೀಟಿಯಿಂದ ನಡೆಯುತ್ತವೆ. ಈ ಪ್ರವಾಸ ನಡೆದದ್ದು ಅಂಗಾಲಿನಿಂದ, ಓದಿನ ಹಸಿವಿನಿಂದ.

ಮರುವರ್ಷ, ೧೯೩೬ರಲ್ಲಿ, ಗಾಂಧೀಜಿಯವರು ಆ ಶಾಲೆಗೆ ಬಂದರು. ಅವರ ಹಿಂದೀ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಈ ಹಳ್ಳಿ ಹುಡುಗನ ಪಾಲಿಗೆ ಬಂತು. ಅಲ್ಲಿಂದ ಮುಂದೆ ಖಾದಿ ಅವರ ಮೈ ಬಿಡಲಿಲ್ಲ. ೧೯೪೨ರಲ್ಲಿ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ 'ಭಾರತ ಬಿಟ್ಟು ತೊಲಗಿ' ಚಳವಳಿ ಬಂದಿತು. ಓದು ಬಿಟ್ಟು ಸೆರೆಮನೆಗೆ ಹೋದರು. ಹೊರಬಂದು ಮತ್ತೆ ಪುಸ್ತಕ ಹಿಡಿದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ೧೯೪೬ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಂದು ಆ ಅಂಗಳಕ್ಕೆ ಬಂದವರು ಕೊನೆಯತನಕ ಅಲ್ಲಿಯವರಾಗಿಯೇ ಉಳಿದರು. ಮದುವೆ ಮಾಡಿಕೊಳ್ಳಲಿಲ್ಲ, ಮನೆ ಕಟ್ಟಿಸಲಿಲ್ಲ. ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಮನೆಯಾಯಿತು.

ಇನ್ನು ಅವರ ದೂರದ ಪ್ರವಾಸದ ಮಾತು. ೧೯೫೦ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಅಮೆರಿಕಕ್ಕೆ ಹೋಗಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿ ೧೯೬೦ರಲ್ಲಿ ಪಿ.ಎಚ್‌ಡಿ. ಪದವಿ ಪಡೆದರು. ಆ ವರ್ಷಗಳು ಎಂಥವೆಂಬುದನ್ನು ಓದುಗರು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ೧೯೫೭ರ ಅಕ್ಟೋಬರದಲ್ಲಿ ಸೋವಿಯೆತ್ ರಷ್ಯವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕ ಬೆಚ್ಚಿ ಎದ್ದಿತು. ಮರುವರ್ಷವೇ ಶಿಕ್ಷಣಕ್ಕೆಂದು ಹೊಸ ಶಾಸನ ಮಾಡಿ ವಿಜ್ಞಾನಕ್ಕೆ ಹಣದ ಹೊಳೆ ಹರಿಸಿತು. ಭೌತಶಾಸ್ತ್ರದ ಡಾಕ್ಟರೇಟ್ ಕೈಯಲ್ಲಿದ್ದವನಿಗೆ ಅಂದು ಅಲ್ಲಿ ತೆರೆದ ಬಾಗಿಲುಗಳು ಅನೇಕ. ಅದೇ ದೇಶದಲ್ಲಿ ಅದೇ ೧೯೫೭ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಎಂಬ ಊರಿನ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ಮಕ್ಕಳನ್ನು ಒಳಗೆ ಬಿಡಿಸುವುದಕ್ಕೆ ಸೈನ್ಯವನ್ನೇ ಕಳುಹಿಸಬೇಕಾಯಿತು ಎಂಬುದನ್ನೂ ನಾವು ಮರೆಯಬಾರದು. ಆಕಾಶಕ್ಕೆ ಏಣಿ ಹಾಕುವ ನಾಡಿನಲ್ಲಿಯೂ ಶಾಲೆಯ ಮೆಟ್ಟಿಲು ಎಲ್ಲ ಮಕ್ಕಳಿಗೂ ಒಂದೇ ಆಗಿರಲಿಲ್ಲ.

ನರಸಿಂಹಯ್ಯನವರು ಪದವಿ ಪಡೆದು ನೆಟ್ಟಗೆ ಬಸವನಗುಡಿಗೆ ಮರಳಿದರು. ಮುಂದೆ ೧೯೬೭–೬೮ರಲ್ಲಿ ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋದರು. ಮೊದಲ ಸಲ ಕಲಿಯುವುದಕ್ಕೆ ಹೋದವರು ಎರಡನೆಯ ಸಲ ಕಲಿಸುವುದಕ್ಕೆ ಹೋದರು. ಅಲ್ಲಿಂದಲೂ ಮರಳಿದರು, ಅದೇ ಕಾಲೇಜಿಗೆ, ಅದೇ ಕೋಣೆಗೆ.

ಪ್ರವಾಸವೆಂಬುದು ಮೂರು ಬಗೆಯದೆಂದು ನಮಗೆ ತೋರುತ್ತದೆ. ಒಂದು ಹಣದ ಪ್ರವಾಸ. ಉಳ್ಳವರು ಊರು ನೋಡಿ, ಚಿತ್ರ ತೆಗೆಸಿಕೊಂಡು, ಪೆಟ್ಟಿಗೆ ತುಂಬಿಕೊಂಡು ಬರುತ್ತಾರೆ. ಎರಡನೆಯದು ಹಸಿವಿನ ಪ್ರವಾಸ. ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಂಡಾಗಳಿಂದ ಸುಗ್ಗಿ ಮುಗಿಯುತ್ತಲೂ ಸಂಸಾರಕ್ಕೆ ಸಂಸಾರವೇ ಗಂಟು ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದಿನ ರೈಲು ಹತ್ತುವುದು ಈ ಪ್ರವಾಸ. ಮೂರನೆಯದು ಅರಿವಿನ ಪ್ರವಾಸ. ಇಲ್ಲಿ ಹೋದವನು ತಾನು ಕಂಡದ್ದನ್ನು ಕಾಣದವರ ಪಾಲಿಗೆ ಹೊತ್ತು ತರುತ್ತಾನೆ. ಮರಳಿ ಬಾರದೆ ಈ ಪ್ರವಾಸ ಮುಗಿಯುವುದೇ ಇಲ್ಲ. ಮೊದಲನೆಯದನ್ನು ಮಾಡಿದವರು ನಮ್ಮಲ್ಲಿ ಕೆಲವರು. ಎರಡನೆಯದನ್ನು ಮಾಡುವವರು ಸಾವಿರಾರು. ಮೂರನೆಯದಕ್ಕೆ ಮಾತ್ರ ಬೆರಳು ಮಡಿಚಿ ಎಣಿಸಬೇಕು.

ಅವರು ಹೊತ್ತು ತಂದದ್ದು ಏನು? ಅಲ್ಲಿಯ ಬೂಟನ್ನಲ್ಲ, ಮಾತಿನ ಠೀವಿಯನ್ನಲ್ಲ. ಪ್ರಶ್ನೆ ಕೇಳುವ ಅಭ್ಯಾಸವನ್ನು ನಂಬಿ ಬಂದರು. ಅಮೆರಿಕದಿಂದ ಬಂದ ಮೇಲೆ ಸುಮಾರು ಹನ್ನೆರಡು ವರ್ಷ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ವೇದಿಕೆ ಅವರ ಮುಂದಾಳುತನದಲ್ಲಿ ಪ್ರಾರಂಭವಾಯಿತು. ವಾರಕ್ಕೊಂದು ದಿನ, ಬುಧವಾರ ಸಂಜೆ, ಬಲ್ಲವರೊಬ್ಬರು ಬಂದು ವಿಜ್ಞಾನದ ವಿಷಯವೊಂದನ್ನು ಸಾಮಾನ್ಯ ಜನಕ್ಕೆ ತಿಳಿಯುವಂತೆ ಹೇಳಬೇಕು. ಬಂದವರು ಕೇಳಬೇಕು, ತಿರುಗಿ ಪ್ರಶ್ನೆ ಹಾಕಬೇಕು. ಪ್ರವೇಶಕ್ಕೆ ಜಾತಿಯಿಲ್ಲ, ಪದವಿಯಿಲ್ಲ. ಕುತೂಹಲವಿದ್ದರೆ ಸಾಕು.

ನಾಡಿನ ಇನ್ನೊಬ್ಬ ಮಾಸ್ತರರನ್ನೂ ಇಲ್ಲಿ ಸ್ಮರಿಸುವುದು ತಪ್ಪಾಗಲಾರದು. ಡಾ. ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರಜ್ಞರು, ಡಿ.ವಿ.ಜಿ.ಯವರ ಮಕ್ಕಳು. ಅಮೆರಿಕದ ಹಾರ್ವರ್ಡಿನಲ್ಲಿ ಸಂಶೋಧನೆ ನಡೆಸಿ ಮರಳಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಕಲಿಸಿ, ೧೯೮೦ರಲ್ಲಿ ತೀರಿಕೊಂಡವರು. ಅವರ ಪುಸ್ತಕವೊಂದರ ಹೆಸರೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಕುರಕುಂಟಾದ ಬಡವನ ಊಟವನ್ನೇ ತೆಗೆದುಕೊಳ್ಳಿ. ರೊಟ್ಟಿಯ ಜೋಳ ಬಲು ಹಿಂದೆ ಆಫ್ರಿಕದಿಂದ ಬಂದದ್ದು. ಖಾರದ ಮೆಣಸಿನಕಾಯಿ, ಹಿಂಡಿಯ ಶೇಂಗಾ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದ ಈಚೆಗೆ ಹಡಗೇರಿ ಬಂದವು. ಬೇಳೆಯ ತೊಗರಿ ಮಾತ್ರ ಈ ನೆಲದ್ದೇ. ಒಂದು ತಾಟಿನಲ್ಲಿ ಮೂರು ಖಂಡಗಳು! ಇಂಥ ಪಾಠ ಹೇಳುವ ಮಾಸ್ತರರಿದ್ದರೆ ಮಗುವು ಊರು ಬಿಡದೆಯೇ ಲೋಕ ಸುತ್ತುತ್ತದೆ. "ನಮ್ಮದೇ ಶುದ್ಧ, ಹೊರಗಿನದೆಲ್ಲ ಹೊಲಸು" ಎನ್ನುವವರ ಮಾತು ಆ ಮಗುವಿನ ಮುಂದೆ ನಡೆಯುವುದಿಲ್ಲ.

ನಮ್ಮ ಬಾಲ್ಯದಲ್ಲಿಯೂ ಇಂಥವರೊಬ್ಬರು ಇದ್ದರು. ಅವರು ಸಮುದ್ರ ಕಂಡವರಲ್ಲ, ಹೈದರಾಬಾದಿನ ಆಚೆಗೆ ಹೋದವರಲ್ಲ. ಸಾಲಿಯ ನೆಲಕ್ಕೆ ಹಾಸಿದ ಪರಸಿಯ ಮೇಲೆ ನಮ್ಮನ್ನು ಕೂಡಿಸಿ, "ಈ ಕಲ್ಲು ಎಲ್ಲಿಯದು?" ಎಂದು ಕೇಳುತ್ತಿದ್ದರು. "ಶಹಾಬಾದದ್ದು ಸರ್" ಎಂದರೆ, "ಎಲ್ಲೆಲ್ಲಿ ಹೋಗುತ್ತದೆ?" ಎಂದು ಮತ್ತೊಂದು ಪ್ರಶ್ನೆ. ವಾಡಿ ಜಂಕ್ಷನ್ನಿನಿಂದ ಒಂದು ಹಳಿ ಮುಂಬಯಿಗೆ, ಒಂದು ಮದರಾಸಿಗೆ, ಒಂದು ಕುರಕುಂಟಾದ ಮೇಲೆ ಸಿಕಂದರಾಬಾದಿಗೆ ಎಂದು ಸುಣ್ಣದ ಕಡ್ಡಿಯಿಂದ ನೆಲದ ಮೇಲೆಯೇ ಗೆರೆ ಎಳೆಯುತ್ತಿದ್ದರು. ಸಿಕಂದರಾಬಾದಿನ ಹಳಿ ನಿಜಾಮರ ಕಾಲದಲ್ಲಿ, ೧೮೭೪ರಲ್ಲಿ, ಓಡತೊಡಗಿತೆಂದು ನಮಗೆ ತಿಳಿದದ್ದು ಹಾಗೆ. ನಮ್ಮ ಕಾಲಡಿಯ ಕಲ್ಲು ಮುಂಬಯಿಯ ಚಾಳುಗಳ ನೆಲವಾಗಿದೆ, ರೈಲ್ವೆ ಕಟ್ಟೆಗಳಾಗಿದೆ. ಅದನ್ನು ಒಡೆದವನು ಮಾತ್ರ ಅದೇ ಗಣಿಯಲ್ಲಿ ಉಳಿದಿದ್ದಾನೆ ಎಂಬ ಮಾತನ್ನು ಅವರು ಒಂದು ದಿನ ಮೆಲ್ಲಗೆ ಹೇಳಿ ಸುಮ್ಮನಾದರು. ಭೂಗೋಳವೂ ಅರ್ಥಶಾಸ್ತ್ರವೂ ನಮಗೆ ಅಂದು ಒಂದೇ ಗಳಿಗೆಯಲ್ಲಿ ಆಯಿತು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ನರಸಿಂಹಯ್ಯನವರನ್ನು ನೆನೆಯುವಾಗ ನಮ್ಮ ಕಣ್ಣಮುಂದೆ ನಿಲ್ಲುವವರು ಅವರೂ ಹೌದು.

೧೯೭೨ರಿಂದ ೧೯೭೭ರವರೆಗೆ ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು. ಜ್ಞಾನಭಾರತಿಯ ಅಂಗಳ ಬೆಳೆದದ್ದು ಆ ಕಾಲದಲ್ಲಿ. ಸಂಗೀತ, ನೃತ್ಯ, ನಾಟಕಗಳಿಗೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆತದ್ದೂ ಆ ಕಾಲದಲ್ಲಿಯೇ. ಅವರ ಹೆಸರು ದೇಶದಾದ್ಯಂತ ಕೇಳಿಬಂದದ್ದು ೧೯೭೬ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ವಿಚಾರಿಸುವ ಸಮಿತಿಯನ್ನು ರಚಿಸಿದಾಗ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ಪರೀಕ್ಷೆಗೆ ಒಡ್ಡಬೇಕೆಂದು ವಿನಯದಿಂದಲೇ ಕೇಳಿದರು. ಉತ್ತರ ಬರಲಿಲ್ಲ. ದೊಡ್ಡ ದೊಡ್ಡ ಅಧಿಕಾರಿಗಳು, ಮಂತ್ರಿಗಳು ಕೈಮುಗಿದು ನಿಂತಿದ್ದ ಕಡೆ ಒಬ್ಬ ಖಾದಿ ಉಟ್ಟ ಮಾಸ್ತರರು ಪ್ರಶ್ನೆ ಹಿಡಿದು ನಿಂತರು. ಭಕ್ತರ ಮನಸ್ಸನ್ನು ನೋಯಿಸುವುದು ಅವರ ಉದ್ದೇಶವಾಗಿರಲಿಲ್ಲ. ಕಣ್ಣಿಗೆ ಕಾಣುವ ಸಂಗತಿಯನ್ನು ಕಣ್ಣು ತೆರೆದು ನೋಡಬಹುದೆಂಬುದಷ್ಟೇ ಅವರ ವಾದ.

ಈ ಪ್ರಶ್ನೆ ಬೆಂಗಳೂರಿನ ಪಂಡಿತರ ಚರ್ಚೆಯೆಂದು ನಮ್ಮವರು ತಿಳಿಯಬಾರದು. ಸೇಡಂ, ಚಿಂಚೋಳಿ ಸೀಮೆಗೆ ಭಾನಾಮತಿಯ ಹೆಸರು ಹೊಸದಲ್ಲ. ಮನೆಯಲ್ಲಿ ಮಗು ಜಡ್ಡಿಗೆ ಬಿದ್ದರೆ, ಎಮ್ಮೆ ಹಾಲು ಬತ್ತಿದರೆ, ಬಟ್ಟೆ ಸುಟ್ಟರೆ, ಕೇರಿಯ ಕೊನೆಯ ಮನೆಯ ಒಂಟಿ ಮುದುಕಿಯ ಕಡೆ ಬೆರಳು ತೋರಿಸುವ ಪದ್ಧತಿ ಎಷ್ಟು ಜೀವಗಳಿಗೆ ಕಂಟಕವಾಗಿದೆ! ೨೦೧೭ರಲ್ಲಿ ರಾಜ್ಯದ ಶಾಸನಸಭೆ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನನ್ನು ಮಾಡಿದೆ, ಒಳ್ಳೆಯದು. ಆದರೆ ಪೊಲೀಸನು ಬರುವುದು ಕಲ್ಲು ಬಿದ್ದ ಮೇಲೆ. ಕಲ್ಲೆತ್ತುವ ಕೈಯನ್ನು ಮುಂಚೆಯೇ ತಡೆಯಬಲ್ಲವನು ಮಾಸ್ತರನೊಬ್ಬನೇ. ಮಗುವಿನ ಜಡ್ಡಿಗೆ ಕುಡಿಯುವ ನೀರು ಕಾರಣವೆಂದು ಏಳನೆಯ ಇಯತ್ತೆಯಲ್ಲಿ ತಿಳಿದವನು ಇಪ್ಪತ್ತನೆಯ ವಯಸ್ಸಿನಲ್ಲಿ ಮುದುಕಿಯ ಮನೆಗೆ ಕಲ್ಲು ಎಸೆಯಲಾರ.

ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ಬಹಳ ನಾಟಿದೆ. ನರಸಿಂಹಯ್ಯನವರು ವಿದ್ಯೆಯನ್ನು ಬಸವನಗುಡಿಯ ಗೋಡೆಗಳೊಳಗೇ ಇಟ್ಟುಕೊಳ್ಳಲಿಲ್ಲ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಮೂಲಕ ತಮ್ಮ ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಕಾಲೇಜುಗಳನ್ನು ಒಯ್ದರು. ಬಾಗೇಪಲ್ಲಿಯೆಂದರೆ ಮಳೆ ಕಡಮೆಯ ನೆಲ, ಆಂಧ್ರದ ಗಡಿ. ಮನೆಮಾತು ಬಹುಮಂದಿಗೆ ತೆಲುಗು. ಕುರಕುಂಟಾದ ಓದುಗರಿಗೆ ಈ ಚಿತ್ರ ಪರಿಚಿತವಾಗಿ ಕಾಣುವುದಿಲ್ಲವೆ? ಇಲ್ಲಿಯೂ ಒಂದೆರಡು ನಿಲ್ದಾಣ ದಾಟಿದರೆ ತೆಲಂಗಾಣ. ಬಜಾರದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ತಾಂಡಾದ ಮಗು ಲಂಬಾಣಿ ಮಾತಾಡುತ್ತ ಸಾಲಿಗೆ ಬರುತ್ತದೆ. ನಡೆದುಹೋಗಿ ಕಲಿತವರು, ಮುಂದಿನ ಹುಡುಗನು ಅಷ್ಟು ದೂರ ನಡೆಯಬಾರದೆಂದು ಕಾಲೇಜನ್ನೇ ಅವನ ಬಳಿಗೆ ತಂದರು. ಇದೇ ಆ ಪ್ರವಾಸದ ಫಲ. ೧೯೮೪ರಲ್ಲಿ ಬಂದ ಪದ್ಮಭೂಷಣಕ್ಕಿಂತಲೂ ಇದನ್ನು ನಾವು ದೊಡ್ಡದೆನ್ನುತ್ತೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಸೀಮೆಯ ಲೆಕ್ಕವನ್ನೂ ತೆರೆದು ನೋಡಬೇಕು. ೧೯೪೮ರವರೆಗೆ ಇಲ್ಲಿ ಸರ್ಕಾರಿ ಶಾಲೆಯ ಮೇಲಿನ ತರಗತಿಗಳೆಲ್ಲ ಉರ್ದುವಿನಲ್ಲಿ. ಕನ್ನಡದ ಮಗುವಿಗೆ ತನ್ನ ಮಾತಿನಲ್ಲಿ ಕಲಿಯುವ ಹಾದಿ ಮುಚ್ಚಿತ್ತು. ೧೯೦೭ರಲ್ಲಿ ಹುಟ್ಟಿದ ಕಲಬುರ್ಗಿಯ ನೂತನ ವಿದ್ಯಾಲಯದಂಥ ಖಾಸಗಿ ಪ್ರಯತ್ನಗಳು ದೀಪ ಹಿಡಿದಿದ್ದವು. ೧೯೫೬ರಲ್ಲಿ ಕನ್ನಡನಾಡು ಒಂದಾಯಿತು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ೧೭೫ ತಾಲೂಕುಗಳನ್ನು ಅಳೆದು ೧೧೪ ತಾಲೂಕುಗಳು ಹಿಂದುಳಿದವೆಂದಿತು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಕೊನೆಯ ಸಾಲಿನಲ್ಲಿ ನಿಂತವು. ಸಂವಿಧಾನದ ೩೭೧ (ಜೆ) ವಿಧಿ ಬಂದು ೨೦೧೩ರಿಂದ ಉದ್ಯೋಗ, ಶಿಕ್ಷಣಗಳಲ್ಲಿ ನಮ್ಮ ಪಾಲು ಕಾಯ್ದಿರಿಸಲ್ಪಟ್ಟಿತು. ೨೦೧೯ರಲ್ಲಿ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವಾಯಿತು.

ಹೆಸರು ಬದಲಾಯಿತು, ಹಣೆಬರಹ? ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ ೯೧.೧೨ ಮಕ್ಕಳು ತೇರ್ಗಡೆಯಾದರು. ಕಲಬುರ್ಗಿ ಜಿಲ್ಲೆಯಲ್ಲಿ ನೂರಕ್ಕೆ ೪೨.೪೩. ರಾಜ್ಯಕ್ಕೆಲ್ಲ ಕೊನೆಯ ಸ್ಥಾನ ನಮ್ಮದು. ಕಡಲ ದಂಡೆಯ ಮಗುವಿಗೆ ಹುಟ್ಟುವಾಗಲೇ ಬುದ್ಧಿ ಹೆಚ್ಚು, ಕಾಗಿಣಾ ದಂಡೆಯ ಮಗುವಿಗೆ ಕಡಮೆ ಎಂದು ಹೇಳುವ ಧೈರ್ಯ ಯಾರಿಗಿದೆ? ಮಗು ಅದೇ ಮಗು, ಪುಸ್ತಕ ಅದೇ ಪುಸ್ತಕ. ಬೇರೆಯಾದದ್ದು ಪಾಠ ಹೇಳುವವರ ಇರುವಿಕೆ, ಹೊಟ್ಟೆಯ ಸ್ಥಿತಿ, ಮನೆಯವರು ವರ್ಷದಲ್ಲಿ ಎಷ್ಟು ತಿಂಗಳು ಊರಿನಲ್ಲಿ ನಿಲ್ಲಬಲ್ಲರು ಎಂಬ ಸಂಗತಿ. ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಖಾನೆ ನಡೆಯುತ್ತಿದ್ದಾಗ ಊರಿಗೆ ತಿಂಗಳ ಪಗಾರವೆಂಬುದೊಂದು ಇತ್ತು. ೧೯೯೦ರ ದಶಕದ ಕೊನೆಗೆ ಅದು ನಿಂತಿತು. ಪಗಾರ ನಿಂತ ಮನೆಯ ಮಗು ಸಾಲಿಯಲ್ಲಿ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಾವು ನರಸಿಂಹಯ್ಯನವರಿಗೆ ಅನ್ಯಾಯ ಮಾಡಿದಂತೆ. ಪ್ರತಿ ವರ್ಷ ಸೆಪ್ಟೆಂಬರ್ ೫ ಬಂದಿತೆಂದರೆ ಪುಢಾರಿಗಳು ವೇದಿಕೆ ಏರಿ, ಶಿಕ್ಷಕನು ಸಂತನಂತೆ ಇರಬೇಕು, ಹಣದ ಕಡೆ ನೋಡಬಾರದು, ಮೇಣದ ಬತ್ತಿಯಂತೆ ಉರಿಯಬೇಕು ಎಂದು ಬೋಧಿಸುತ್ತಾರೆ. ಕೊರಳಿಗೆ ಒಂದು ಹಾರ, ಹೆಗಲಿಗೆ ಒಂದು ಶಾಲು, ಮುಗಿಯಿತು. ಮರುದಿನ ಅದೇ ಜಿಲ್ಲೆಯಲ್ಲಿ ಹುದ್ದೆ ಖಾಲಿ, ಆ ಜಾಗದಲ್ಲಿ ಅತಿಥಿ ಶಿಕ್ಷಕ. ಅತಿಥಿಯೆಂದು ಕರೆದು ಉಪವಾಸ ಕೆಡಹುವ ಪದ್ಧತಿ ನಮ್ಮ ಸಂಸ್ಕೃತಿಯಲ್ಲಿ ಎಲ್ಲಿಯೂ ಇಲ್ಲ! ಬಿ.ಎಡ್. ಮಾಡಿದ ತರುಣ, ತರುಣಿಯರು ಕಾಯಂ ನೌಕರನ ಕೆಲಸವನ್ನು ಪೂರ್ತಿ ಮಾಡಿ, ಅವನ ಸಂಬಳದ ಒಂದು ತುಣುಕನ್ನು 'ಗೌರವಧನ'ವೆಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಕಾದು ಪಡೆಯುತ್ತಾರೆ. ಗೌರವವೂ ಇಲ್ಲ, ಧನವೂ ಇಲ್ಲ.

ನರಸಿಂಹಯ್ಯನವರು ಒಂದು ಕೋಣೆಯಲ್ಲಿ ಬದುಕಿದ್ದು ಅವರೇ ಆರಿಸಿಕೊಂಡ ಮಾರ್ಗ. ಒಬ್ಬನು ತಾನಾಗಿ ಆರಿಸಿಕೊಂಡ ಬಡತನ ವ್ರತ. ಸರ್ಕಾರವು ಇನ್ನೊಬ್ಬನ ಮೇಲೆ ಹೇರಿದ ಬಡತನ ಶೋಷಣೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ತಿಳಿಗೇಡಿಗಳು, ಇಲ್ಲವೇ ತಿಳಿದೂ ಮೋಸ ಮಾಡುವವರು. ಸಂತರನ್ನು ನಂಬಿ ಯಾವ ದೇಶವೂ ಶಾಲೆ ನಡೆಸಿಲ್ಲ. ಕುರಕುಂಟಾದಂಥ ಊರಿಗೆ ಬರುವ ಶಿಕ್ಷಕಿಗೆ ಇರಲು ಒಂದು ಯೋಗ್ಯ ಮನೆ, ನೀರು, ಹೊತ್ತಿಗೆ ಸರಿಯಾದ ಪಗಾರ, ಅವಳ ಮಕ್ಕಳಿಗೂ ಸಾಕಾಗುವಂಥ ಶಾಲೆ, ಇಷ್ಟು ಕೊಟ್ಟ ಮೇಲೆ ತ್ಯಾಗದ ಮಾತನ್ನು ಆಡೋಣ. ಬೆಳಿಗ್ಗೆಯ ರೈಲಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವ ಮಾಸ್ತರರನ್ನು ಬಯ್ಯುವುದು ಸುಲಭ. ಅವರು ಊರಿನಲ್ಲಿ ನಿಲ್ಲುವಂಥ ಊರನ್ನು ಕಟ್ಟಿಕೊಡುವುದು ಸರ್ಕಾರದ ಹೊಣೆ.

ಕೆಲವರು ಕೇಳುತ್ತಾರೆ: "ಓದಿದವರೆಲ್ಲ ಅಮೆರಿಕದಿಂದ ಮರಳಿ ಬರಬೇಕೆನ್ನುವುದು ಯಾವ ನ್ಯಾಯ? ಅವರಿಗೂ ಬದುಕಿಲ್ಲವೆ?" ಇದೆ. ಹೊರಗೆ ಹೋದ ನಮ್ಮ ಹುಡುಗರನ್ನು ದ್ರೋಹಿಗಳೆಂದು ನಾವು ಕರೆಯುವುದಿಲ್ಲ. ಕಲಬುರ್ಗಿಯ ಹುಡುಗಿ ಲಂಡನ್ನಿನಲ್ಲಿ ಡಾಕ್ಟರಳಾದರೆ ನಮಗೆ ಹೆಮ್ಮೆಯೇ. ನಾವು ಕೇಳುವುದು ಬೇರೆ. ಹೋಗುವ ಹಾದಿಯೊಂದೇ ಇದ್ದು, ಮರಳುವ ಹಾದಿ ಇಲ್ಲದಂಥ ಊರು ಬರಿದಾಗುತ್ತದೆ. ಮರಳಬೇಕೆಂದು ಮನಸ್ಸಿದ್ದವನಿಗೆ ಇಲ್ಲಿ ಒಂದು ಪ್ರಯೋಗಶಾಲೆ, ಒಂದು ಗ್ರಂಥಾಲಯ, ಒಂದು ಹುದ್ದೆ ಇರಬೇಕು. ನರಸಿಂಹಯ್ಯನವರಿಗೆ ಮರಳಿ ಬರಲು ಒಂದು ನ್ಯಾಷನಲ್ ಕಾಲೇಜು ಇತ್ತು. ಸೇಡಂ ಸೀಮೆಯ ಡಾಕ್ಟರೇಟ್ ಪಡೆದವನಿಗೆ ಮರಳಿ ಬರಲು ಏನಿದೆ? ೨೦೦೯ರಲ್ಲಿ ಸ್ಥಾಪನೆಯಾಗಿ ಕಡಗಂಚಿಯಲ್ಲಿ ನಡೆಯುತ್ತಿರುವ ಕೇಂದ್ರೀಯ ವಿಶ್ವವಿದ್ಯಾಲಯ ಒಂದು ಬಾಗಿಲು. ಒಂದೇ ಬಾಗಿಲು ಸಾಲದು.

ಹೊಸ ಉಪಾಯಗಳನ್ನು ಯಾರೂ ಹುಡುಕಬೇಕಾಗಿಲ್ಲ. ೧೯೬೪–೬೬ರ ಕೊಠಾರಿ ಆಯೋಗವು, ಅದರ ಅಧ್ಯಕ್ಷರೂ ಒಬ್ಬ ಭೌತಶಾಸ್ತ್ರದ ಮಾಸ್ತರರೇ, ಧನಿಕನ ಮಗುವೂ ಬಡವನ ಮಗುವೂ ನೆರೆಯ ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ಪದ್ಧತಿಯನ್ನು ಸೂಚಿಸಿತ್ತು. ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ೬ ಪಾಲನ್ನು ಶಿಕ್ಷಣಕ್ಕೆ ಕೊಡಬೇಕೆಂದಿತ್ತು. ಅಷ್ಟು ಪಾಲು ಇಂದಿನವರೆಗೂ ದೊರೆತಿಲ್ಲ. ೨೦೧೦ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದು. ಇದು ಸರ್ಕಾರವೇ ಮಾಡಿದ ಕಾನೂನು. ರೈತನು ಸಾಲದ ಕಂತು ತಪ್ಪಿಸಿದರೆ ಮನೆಯ ಬಾಗಿಲಿಗೆ ನೋಟೀಸು ಅಂಟುತ್ತದೆ. ಸರ್ಕಾರ ಈ ಕಂತು ತಪ್ಪಿಸಿದರೆ ನೋಟೀಸು ಅಂಟಿಸುವವರು ಯಾರು?

ಅಂಟಿಸಬೇಕಾದವರು ನಾವೇ. ಆದ್ದರಿಂದ ಈ ಜೂನ್ ತಿಂಗಳಲ್ಲಿ ಕುರಕುಂಟಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ನಮ್ಮ ಓದುಗರಿಗೆ ನಾವು ಮಾಡುವ ವಿನಂತಿ ಇಷ್ಟು. ನಿಮ್ಮ ಊರ ಸಾಲಿಗೆ ಹೋಗಿರಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಎಂದು ಬರೆದುಕೊಂಡು ಬನ್ನಿರಿ. ಆ ಲೆಕ್ಕವನ್ನು ಶಾಲಾಭಿವೃದ್ಧಿ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ, ನಡಾವಳಿಯಲ್ಲಿ ಬರೆಸಿರಿ. ದುಡಿಯಲು ಹೋದ ತಾಯಿತಂದೆಯರ ಮಕ್ಕಳು ಊರಿನಲ್ಲಿಯೇ ಉಳಿದು ಓದುವುದಕ್ಕೆ ಹಂಗಾಮಿನ ವಸತಿಶಾಲೆ ಬೇಕೆಂದು ಠರಾವು ಮಾಡಿಸಿರಿ. ಸೇಡಂನಲ್ಲಿ ವಾರಕ್ಕೊಂದು ಸಂಜೆ ವಿಜ್ಞಾನದ ಮಾತು ನಡೆಯುವ ಒಂದು ಜಾಗ ಏಕೆ ಇರಬಾರದು? ಅದಕ್ಕೆ ಮಂತ್ರಿಯ ಅಪ್ಪಣೆ ಬೇಕಾಗಿಲ್ಲ; ಒಂದು ಜಮಖಾನೆ, ಒಂದು ಕರಿಹಲಗೆ, ಹೇಳಲು ಒಬ್ಬರು, ಕೇಳಲು ಹತ್ತು ಜನ ಸಾಕು. ಹೊರನಾಡಿನಲ್ಲಿರುವ ನಮ್ಮವರು ಊರಿಗೆ ಬಂದಾಗ ಜಾತ್ರೆಗೆ ಕೊಡುವ ದಿನಗಳಲ್ಲಿ ಒಂದನ್ನು ಸಾಲಿಗೆ ಕೊಡಲಿ. ತಾವು ಕಂಡ ಲೋಕವನ್ನು ಕಾಣದ ಮಕ್ಕಳಿಗೆ ಹೇಳಲಿ.

ನರಸಿಂಹಯ್ಯನವರಿಗೆ ನಮ್ಮಲ್ಲಿ ಪ್ರತಿಮೆ ಬೇಕಾಗಿಲ್ಲ. ವೃತ್ತಕ್ಕೆ ಹೆಸರೂ ಬೇಡ. ಎದುರಿಗೆ ಕುಳಿತ ಮಗು ಪ್ರಶ್ನೆ ಕೇಳಿದರೆ ಅವರಿಗೆ ಅದೇ ಹಾರವಾಗಿತ್ತು. ಈ ಮಳೆಗಾಲದಲ್ಲಿ ಕುರಕುಂಟಾದ ಯಾವುದೋ ತಾಂಡಾದ ಒಬ್ಬ ಹುಡುಗಿ ಕೆಸರು ತುಳಿದು ಸಾಲಿಗೆ ನಡೆದು ಬರುತ್ತಾಳೆ. ೧೯೩೫ರಲ್ಲಿ ಹೊಸೂರಿನಿಂದ ನಡೆದ ಹುಡುಗನಿಗೆ ದಾರಿಯ ಕೊನೆಯಲ್ಲಿ ಅವನ ಮಾಸ್ತರರು ಇದ್ದರು. ಇವಳು ಸಾಲಿ ಮುಟ್ಟಿದಾಗ ಅಲ್ಲಿ ಯಾರು ಇರುತ್ತಾರೆ? ಈ ಪ್ರಶ್ನೆಗೆ ಸರ್ಕಾರದಿಂದ ಉತ್ತರ ಪಡೆಯುವವರೆಗೆ ನಾವು ಸುಮ್ಮನಿರುವಂತಿಲ್ಲ.